ತಪ್ಪಿದ ಮುನ್ಸೂಚನೆಯನ್ನೇ ಅಚ್ಚು ಹಾಕಿಸಿದ ರಿಚರ್ಡ್‌ಸನ್

ಹವಾಮಾನ ಶಾಸ್ತ್ರದ ಚರಿತ್ರೆಯಲ್ಲಿ ಬಹಳ ಹೆಸರಾದ ಒಂದು ಮುನ್ಸೂಚನೆ ಇದೆ. ಅದು ನಿಜವಾಗಲಿಲ್ಲ, ನಿಜವಾಗುವ ಹತ್ತಿರಕ್ಕೂ ಬರಲಿಲ್ಲ. ಅದು ಹೇಳಿದ ದಿನ ಕಳೆದು ಎಷ್ಟೋ ವರ್ಷಗಳಾದ ಮೇಲೆ, ಯುದ್ಧಭೂಮಿಯ ಹಿಂದಿನ ಒಂದು ಬಿಡಾರದಲ್ಲಿ ಕುಳಿತು ಪೆನ್ಸಿಲ್ ಹಿಡಿದು ಹಾಕಿದ ಲೆಕ್ಕ ಅದು. ಹಾಕಿದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಇಂದು ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ನಾವು ನೋಡುವ ಮಳೆಯ ಮುನ್ಸೂಚನೆ ತಯಾರಾಗುವ ಕ್ರಮಕ್ಕೆ ಮೂಲ ಆ ತಪ್ಪಿದ ಲೆಕ್ಕವೇ.

ರಿಚರ್ಡ್‌ಸನ್ ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ನ್ಯೂಕ್ಯಾಸಲ್ ಪಟ್ಟಣದಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ತಂದೆಗೆ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು. ಮನೆಯವರು ಕ್ವೇಕರ್ ಪಂಥದ ಕ್ರೈಸ್ತರು. ಯಾವ ಕಾರಣಕ್ಕೂ ಆಯುಧ ಹಿಡಿಯಬಾರದು, ಯುದ್ಧಕ್ಕೆ ನೆರವಾಗಬಾರದು ಎಂಬುದು ಆ ಪಂಥದ ಕಟ್ಟುನಿಟ್ಟು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳದಿದ್ದರೆ ಅವರ ಬದುಕಿನ ಅರ್ಧ ತಿರುವುಗಳು ಅರ್ಥವಾಗುವುದಿಲ್ಲ.

ಕೇಂಬ್ರಿಜ್‌ನಲ್ಲಿ 1903ರಲ್ಲಿ ಓದು ಮುಗಿಸಿದ ಮೇಲೆ ಒಂದು ಕಡೆ ನಿಂತು ಕೆಲಸ ಮಾಡಿದವರಲ್ಲ. ಪ್ರಯೋಗಾಲಯ, ದೀಪ ತಯಾರಿಸುವ ಕಂಪನಿ, ನಡುವೆ ಪೀಟ್ ಕಂಪನಿ. ಪೀಟ್ ಎಂದರೆ ಜೌಗು ನೆಲದಲ್ಲಿ ಪಾಚಿ, ಹುಲ್ಲು ಕೊಳೆತು ಆದ ಕರಿಮಣ್ಣು, ಒಣಗಿಸಿದರೆ ಉರುವಲು. ಆ ನೆಲದ ನೀರು ಬಸಿಯಲು ಕಾಲುವೆ ಎಲ್ಲಿ ತೋಡಬೇಕು ಎಂಬ ಪ್ರಶ್ನೆ ಬಂತು. ನೀರು ಹೇಗೆ ಹರಿಯುತ್ತದೆ ಎಂಬ ಸಮೀಕರಣ ಗೊತ್ತಿತ್ತು, ಆದರೆ ಅದನ್ನು ಬಿಡಿಸುವ ದಾರಿ ಇರಲಿಲ್ಲ. ರಿಚರ್ಡ್‌ಸನ್ ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಗೀಚಿಕೊಂಡು, ಪ್ರತಿ ಚೌಕಕ್ಕೂ ಬರೀ ಕೂಡು, ಕಳೆ, ಗುಣಿಸು, ಭಾಗಿಸು ಲೆಕ್ಕ ಮಾಡುತ್ತ ಹೋದರು. ಉತ್ತರ ಅಂದಾಜಿನದು, ಆದರೆ ಕೆಲಸಕ್ಕೆ ಸಾಕು. ಇದೇ ಉಪಾಯದಿಂದ ಕಲ್ಲಿನ ಅಣೆಕಟ್ಟೆಯ ಒಳಗೆ ಒತ್ತಡ ಹೇಗೆ ಹಂಚಿಕೆಯಾಗುತ್ತದೆ ಎಂದು ತೋರಿಸಿ 1910ರಲ್ಲಿ ಪ್ರಬಂಧ ಬರೆದರು. ಲೆಕ್ಕ ಮಾಡಲು ಹುಡುಗರನ್ನು ಇಟ್ಟುಕೊಂಡಿದ್ದರು. ಎಷ್ಟು ಅಂಕಿಯೋ ಅಷ್ಟು ಕೂಲಿ, ತಪ್ಪು ಮಾಡಿದರೆ ಅದಕ್ಕೆ ಕಡಿತ. ಕಂಪ್ಯೂಟರ್ ಎಂಬುದು ಆಗ ಯಂತ್ರದ ಹೆಸರಲ್ಲ, ಲೆಕ್ಕ ಮಾಡುವ ಮನುಷ್ಯರ ಹೆಸರು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿದ ಕೆಲವೇ ದಿನಗಳಲ್ಲಿ, ಶಬ್ದದ ಮಾರ್ದನಿಯಿಂದ ನೀರ್ಗಲ್ಲನ್ನು ಪತ್ತೆ ಹಚ್ಚುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದವರೂ ಇವರೇ. ಆಮೇಲೆ ಅದನ್ನು ಕೈಬಿಟ್ಟರು. ಒಂದನ್ನು ಹಿಡಿದು ದುಡ್ಡು ಮಾಡುವ ಬುದ್ಧಿ ಅವರಿಗೆ ಕೊನೆವರೆಗೂ ಬರಲಿಲ್ಲ.

1913ರಲ್ಲಿ ಬ್ರಿಟಿಷ್ ಹವಾಮಾನ ಇಲಾಖೆ ಅವರನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ಒಂಟಿ ಜಾಗದ ವೀಕ್ಷಣಾಲಯಕ್ಕೆ ಮುಖ್ಯಸ್ಥರನ್ನಾಗಿ ಕಳಿಸಿತು. ಆಗಿನ ಮುನ್ಸೂಚನೆ ಹೇಗಿತ್ತೆಂದರೆ, ಇಂದಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಹಿಂದೆ ಯಾವಾಗ ಇಂಥದೇ ನಕ್ಷೆ ಬಂದಿತ್ತು, ಮರುದಿನ ಏನಾಗಿತ್ತು ಎಂದು ನೋಡಿ ಹೇಳುವುದು. ನಮ್ಮ ಹಿರಿಯರು ಮೋಡದ ಬಣ್ಣ, ಇರುವೆ ಸಾಲು ನೋಡಿ ಹೇಳುತ್ತಿದ್ದುದಕ್ಕೂ ಇದಕ್ಕೂ ಬಹಳ ದೂರವೇನಿಲ್ಲ. ಗಾಳಿ ಭೌತಶಾಸ್ತ್ರದ ನಿಯಮ ಮೀರಿ ನಡೆಯುವುದಿಲ್ಲ, ಆದ್ದರಿಂದ ಇಂದಿನ ಸ್ಥಿತಿ ಗೊತ್ತಿದ್ದರೆ ನಾಳಿನದನ್ನು ಲೆಕ್ಕ ಹಾಕಬಹುದು ಎಂದು ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ 1904ರಲ್ಲೇ ಬರೆದಿದ್ದರು. ಆದರೆ ಆ ಸಮೀಕರಣಗಳನ್ನು ಬಿಡಿಸುವುದು ಹೇಗೆ? ಜೌಗು ನೆಲಕ್ಕೆ ಹಾಕಿದ ಚೌಕವನ್ನು ಆಕಾಶಕ್ಕೂ ಹಾಕಬಹುದಲ್ಲ ಎಂದು ರಿಚರ್ಡ್‌ಸನ್‌ಗೆ ಹೊಳೆಯಿತು.

ಅಷ್ಟರಲ್ಲಿ ಮೊದಲ ಮಹಾಯುದ್ಧ. ಬಂದೂಕು ಹಿಡಿಯಲು ಮನಸ್ಸಾಕ್ಷಿ ಒಪ್ಪುವುದಿಲ್ಲವೆಂದು ಹೇಳಿದವರು ಮನೆಯಲ್ಲಿ ಸುಮ್ಮನೆ ಕೂರಲೂ ಇಲ್ಲ. 1916ರಲ್ಲಿ ಒಳ್ಳೆಯ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕ್ವೇಕರರ ಆಂಬುಲೆನ್ಸ್ ದಳ ಸೇರಿ ಫ್ರಾನ್ಸಿಗೆ ಹೋದರು. ಫ್ರೆಂಚ್ ಸೇನೆಯ ಗಾಯಾಳುಗಳನ್ನು ಸಾಗಿಸುವ ಕೆಲಸ. ಬಿಡುವು ಸಿಕ್ಕಾಗ ಚಳಿ ಸುರಿಯುವ, ಒದ್ದೆಯಾದ ಬಿಡಾರದಲ್ಲಿ ಒಣಹುಲ್ಲಿನ ಗುಪ್ಪೆಯೇ ಮೇಜು. ಅದರ ಮೇಲೆ ಕಾಗದ ಹರಡಿಕೊಂಡು ಲೆಕ್ಕ.

ಅವರು ಆರಿಸಿಕೊಂಡದ್ದು 1910ರ ಮೇ 20. ಹ್ಯಾಲಿ ಧೂಮಕೇತು ಭೂಮಿಯ ಬಳಿ ಹಾದುಹೋದ ದಿನಗಳವು. ಆ ದಿನ ಬೆಳಿಗ್ಗೆ ಏಳು ಗಂಟೆಗೆ ಯುರೋಪಿನ ಹಲವು ಕಡೆ ಬಲೂನು ಬಿಟ್ಟು ಅಳೆದ ವಿವರಗಳನ್ನು ಬ್ಯರ್ಕ್ನೆಸ್ ಅವರ ಸಂಸ್ಥೆ ಕ್ರಮವಾಗಿ ಪ್ರಕಟಿಸಿತ್ತು. ರಿಚರ್ಡ್‌ಸನ್ ಮಧ್ಯ ಯುರೋಪಿನ ಆಕಾಶವನ್ನು ಸುಮಾರು 200 ಕಿ.ಮೀ. ಅಗಲದ ಚೌಕಗಳಾಗಿ, ಎತ್ತರದಲ್ಲಿ ಐದು ಪದರಗಳಾಗಿ ಸೀಳಿದರು. ಚದುರಂಗದ ಮಣೆಯಂತೆ ಒಂದು ಮನೆಯಲ್ಲಿ ವಾಯು ಒತ್ತಡ, ಪಕ್ಕದ ಮನೆಯಲ್ಲಿ ಗಾಳಿ. ಜರ್ಮನಿಯ ಮ್ಯೂನಿಕ್ ಆಸುಪಾಸಿನ ಎರಡು ಮನೆಗಳಿಗೆ ಮಾತ್ರ, ಆರು ಗಂಟೆಗಳಲ್ಲಿ ಏನು ಬದಲಾಗುತ್ತದೆ ಎಂದು ಲೆಕ್ಕ ಹಾಕಲು ನಮೂನೆಗಳನ್ನು ತಯಾರಿಸಿ ಮುಗಿಸುವ ಹೊತ್ತಿಗೆ ಸುಮಾರು ಆರು ವಾರ ಹಿಡಿಯಿತು. 1917ರ ಏಪ್ರಿಲ್‌ನಲ್ಲಿ ಶಾಂಪೇನ್ ಪ್ರಾಂತ್ಯದ ಕಾಳಗದ ಗಲಿಬಿಲಿಯಲ್ಲಿ ಹಸ್ತಪ್ರತಿಯೇ ಕಳೆದುಹೋಯಿತು. ಕೆಲವು ತಿಂಗಳಾದ ಮೇಲೆ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಅಡಿಯಲ್ಲಿ ಸಿಕ್ಕಿತು. ಸಿಗದೇ ಹೋಗಿದ್ದರೆ ಮತ್ತೊಮ್ಮೆ ಬರೆಯುವ ತಾಳ್ಮೆ ಅವರಿಗೂ ಇರುತ್ತಿತ್ತೋ ಇಲ್ಲವೋ.

ಇಷ್ಟೆಲ್ಲ ಆಗಿ ಬಂದ ಉತ್ತರ: ಆರು ಗಂಟೆಗಳಲ್ಲಿ ವಾಯು ಒತ್ತಡ 145 ಮಿಲಿಬಾರ್ ಏರುತ್ತದೆ. ಇದು ಎಂಥ ಅಸಂಬದ್ಧ ಎಂದರೆ, 1999ರ ಒಡಿಶಾ ಮಹಾಚಂಡಮಾರುತದ ಕೇಂದ್ರದಲ್ಲಿ ಕೂಡ ಒತ್ತಡ ಇಳಿದದ್ದು ಸುಮಾರು 100 ಮಿಲಿಬಾರ್. ಅಂದು ಮ್ಯೂನಿಕ್‌ನಲ್ಲಿ ನಿಜವಾಗಿ ಆದದ್ದೇನು? ಒತ್ತಡ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಕಾಗದಗಳನ್ನು ಒಲೆಗೆ ಹಾಕುತ್ತಿದ್ದರು, ಇಲ್ಲವೇ ಒಳ್ಳೆಯ ಉತ್ತರ ಬರುವ ಇನ್ನೊಂದು ದಿನವನ್ನು ಹುಡುಕುತ್ತಿದ್ದರು. ರಿಚರ್ಡ್‌ಸನ್ ಆ ತಪ್ಪು ಉತ್ತರವನ್ನು, ಪ್ರತಿ ಹಂತದ ಲೆಕ್ಕದ ಸಮೇತ, 1922ರಲ್ಲಿ ಕೇಂಬ್ರಿಜ್‌ನಿಂದ ಪುಸ್ತಕವಾಗಿ ಅಚ್ಚು ಹಾಕಿಸಿದರು. ತಪ್ಪು ಲೆಕ್ಕದ ಕ್ರಮದಲ್ಲಿಲ್ಲ, ಮೊದಲಿಗೆ ಹಿಡಿದ ಗಾಳಿಯ ವಿವರಗಳಲ್ಲಿದೆ ಎಂಬುದು ಅವರ ಅನುಮಾನವಾಗಿತ್ತು. ಅದು ಸರಿಯಾಗಿಯೇ ಇತ್ತು.

ಅದನ್ನು ಹೀಗೆ ತಿಳಿಯಬಹುದು. ಒಂದು ಕೆರೆಗೆ ಎರಡು ದೊಡ್ಡ ಕಾಲುವೆ. ಒಂದರಲ್ಲಿ ನೀರು ಒಳಗೆ ಬರುತ್ತಿದೆ, ಇನ್ನೊಂದರಲ್ಲಿ ಹೊರಗೆ ಹೋಗುತ್ತಿದೆ, ಎರಡೂ ಹೆಚ್ಚುಕಡಿಮೆ ಸಮ. ನೀರಿನ ಮಟ್ಟ ಏರುತ್ತದೋ ಇಳಿಯುತ್ತದೋ ಎಂಬುದು ಎರಡರ ನಡುವಿನ ಚೂರು ವ್ಯತ್ಯಾಸದ ಮೇಲೆ ನಿಂತಿದೆ. ಯಾವುದಾದರೂ ಒಂದು ಕಾಲುವೆಯ ಅಳತೆ ಸ್ವಲ್ಪ ತಪ್ಪಿದರೂ ಮಟ್ಟದ ಲೆಕ್ಕ ಎಲ್ಲಿಗೋ ಹೋಗುತ್ತದೆ. ಆಕಾಶದ ಒಂದೊಂದು ಚೌಕವೂ ಇಂಥ ಕೆರೆಯೇ. ದೂರ ದೂರದ ಕೆಲವೇ ಬಲೂನುಗಳ ಅಳತೆ ಗಾಳಿಗೂ ಒತ್ತಡಕ್ಕೂ ತಾಳೆಯಾಗಿರಲಿಲ್ಲ. ತಾಳೆಯಾಗದಿದ್ದರೆ ತುಂಬಿದ ಕೊಡವನ್ನು ಅಲುಗಿಸಿದಂತೆ ಲೆಕ್ಕದ ಗಾಳಿ ತುಳುಕಾಡತೊಡಗುತ್ತದೆ. ತುಳುಕಿದ ನೀರು ಒಂದು ಕ್ಷಣ ಏರಿ ಮರುಕ್ಷಣ ಇಳಿಯುತ್ತದೆ. ರಿಚರ್ಡ್‌ಸನ್ ಏರಿದ ಆ ಕ್ಷಣದ ವೇಗವನ್ನೇ ಆರು ಗಂಟೆಗೆ ಎಳೆದರು.

ಐರ್ಲೆಂಡಿನ ಪೀಟರ್ ಲಿಂಚ್ ಎಂಬ ಹವಾಮಾನ ವಿಜ್ಞಾನಿ ಅದೇ 1910ರ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟು ನೋಡಿದರು. ಹಾಗೆಯೇ ಕೊಟ್ಟಾಗ ಮತ್ತೆ 145 ಬಂತು. ಅಂದರೆ ಹುಲ್ಲಿನ ಗುಪ್ಪೆಯ ಮೇಲೆ ಹಾಕಿದ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಪಿಸುಕು ಇರಲಿಲ್ಲ. ಆರಂಭದ ಅಂಕಿಗಳ ತುಳುಕಾಟವನ್ನು ಸೋಸಿ ತೆಗೆದು ಕೊಟ್ಟಾಗ ಬಂದದ್ದು ಒಂದು ಮಿಲಿಬಾರ್‌ಗೂ ಕಡಿಮೆ.

ಈಗಿನ ಕೇಂದ್ರಗಳಲ್ಲಿ ಇದಕ್ಕೆಂದೇ ಒಂದು ದೊಡ್ಡ ಕೆಲಸ ನಡೆಯುತ್ತದೆ. ಅಡಿಕೆ ತೋಟದ ಯಜಮಾನರು ಕಳೆದ ಕೊಯಿಲಿನ ಲೆಕ್ಕದಿಂದ ಈ ಸಲ ಇಷ್ಟು ಬಂದೀತು ಎಂದು ಅಂದಾಜು ಹಾಕಿ, ಆಮೇಲೆ ನಾಲ್ಕು ಮರ ನೋಡಿ ಅಂದಾಜನ್ನು ತಿದ್ದಿಕೊಳ್ಳುವುದಿಲ್ಲವೇ, ಹಾಗೆ. ಕೆಲವು ಗಂಟೆ ಹಿಂದಿನ ಮುನ್ಸೂಚನೆಯೇ ಮೊದಲ ಅಂದಾಜು. ಉಪಗ್ರಹ, ರಾಡಾರ್, ಬಲೂನು, ವಿಮಾನ, ಹಡಗು, ನೆಲದ ಮಳೆಮಾಪಕ ಇವುಗಳಿಂದ ಬಂದ ಅಳತೆಗಳಲ್ಲಿ ಯಾವುದನ್ನು ಎಷ್ಟು ನಂಬಬೇಕೋ ಅಷ್ಟು ನಂಬಿ, ಆ ಅಂದಾಜನ್ನು ತಿದ್ದುತ್ತಾರೆ. ಗಾಳಿ, ಒತ್ತಡ, ಉಷ್ಣಾಂಶ ಒಂದಕ್ಕೊಂದು ತಾಳೆಯಾಗುವಂತೆ ನೋಡಿಕೊಳ್ಳುತ್ತಾರೆ. ಅದಾದ ಮೇಲೆಯೇ ಮುಂದಿನ ಲೆಕ್ಕ. ಡೇಟಾ ಅಸಿಮಿಲೇಶನ್ ಎಂದು ಇದರ ಹೆಸರು.

ಚೌಕಗಳೂ ಚಿಕ್ಕದಾಗುತ್ತ ಬಂದಿವೆ. 200 ಕಿ.ಮೀ. ಚೌಕವನ್ನು ನಮ್ಮ ಕಡೆ ಇಟ್ಟರೆ ಕಾಸರಗೋಡಿನ ಕಡಲ ಕಿನಾರೆ, ಘಟ್ಟ, ಕೊಡಗು, ಮೈಸೂರಿನ ಬಯಲು ಎಲ್ಲ ಒಂದೇ ಮನೆಯೊಳಗೆ ಬಿದ್ದುಬಿಡುತ್ತವೆ. ವರ್ಷಕ್ಕೆ 3000 ಮಿ.ಮೀ. ಮೀರಿ ಸುರಿಯುವ ಊರಿಗೂ ಅದರ ಕಾಲುಭಾಗದಷ್ಟು ಕಾಣುವ ಊರಿಗೂ ಒಂದೇ ಮಳೆ ಎಂದಂತಾಯಿತು. ಭಾರತದಲ್ಲಿ 1988ರಲ್ಲಿ ಮಧ್ಯಮಾವಧಿ ಹವಾಮಾನ ಮುನ್ಸೂಚನೆಗಾಗಿ ರಾಷ್ಟ್ರೀಯ ಕೇಂದ್ರ ಶುರುವಾಯಿತು, ಮರುವರ್ಷ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಬಂತು. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿ.ಮೀ. ಅಷ್ಟಾದರೂ ಘಟ್ಟದ ಬುಡದ ಒಂದು ಹಳ್ಳಿಗೆ ಗುಡುಗು ಮಳೆ ಬಿದ್ದು ಪಕ್ಕದ ಹಳ್ಳಿಗೆ ಬೀಳದೆ ಹೋಗುವುದನ್ನು ಅದು ಹಿಡಿದೇ ಹಿಡಿಯುತ್ತದೆ ಎನ್ನುವಂತಿಲ್ಲ.

ಇಷ್ಟು ಲೆಕ್ಕವನ್ನು ಮನುಷ್ಯರೇ ಮಾಡಬೇಕಾದರೆ? ರಿಚರ್ಡ್‌ಸನ್ ಅದನ್ನೂ ಪುಸ್ತಕದಲ್ಲಿ ಕಲ್ಪಿಸಿದ್ದಾರೆ. ದೊಡ್ಡ ನಾಟಕಶಾಲೆಯಂಥ ದುಂಡು ಕಟ್ಟಡ, ಗೋಡೆಯ ತುಂಬ ಭೂಪಟ, 64,000 ಜನ ತಮ್ಮ ತಮ್ಮ ಪ್ರದೇಶದ ಲೆಕ್ಕದಲ್ಲಿ ಮಗ್ನರು. ನಡುವಿನ ಎತ್ತರದ ಪೀಠದಲ್ಲಿ ಮೇಸ್ತ್ರಿಯೊಬ್ಬರು ನಿಂತು ಮುಂದೆ ಓಡಿದವರ ಮೇಲೆ ಗುಲಾಬಿ ಬೆಳಕು, ಹಿಂದೆ ಬಿದ್ದವರ ಮೇಲೆ ನೀಲಿ ಬೆಳಕು ಬಿಡುತ್ತಾರೆ. ಇಂದು ಒಂದೇ ಲೆಕ್ಕವನ್ನು ಸಾವಿರಾರು ಪ್ರೊಸೆಸರ್‌ಗಳಿಗೆ ಹಂಚಿ, ಯಾವುದೂ ಹಿಂದೆ ಬೀಳದಂತೆ ನೋಡಿಕೊಳ್ಳುವ ಸೂಪರ್ ಕಂಪ್ಯೂಟರ್ ಅದೇ ನಾಟಕಶಾಲೆಯ ಯಂತ್ರರೂಪ.

ಪುಸ್ತಕ ಅಚ್ಚಾಗುವ ಹೊತ್ತಿಗೆ ಲೇಖಕರು ಹವಾಮಾನ ಇಲಾಖೆಯಲ್ಲಿ ಇರಲಿಲ್ಲ. ಯುದ್ಧದ ನಂತರ ಮತ್ತೆ ಸೇರಿಕೊಂಡಿದ್ದರು, ಆದರೆ 1920ರಲ್ಲಿ ಇಲಾಖೆ ವಾಯುಪಡೆಯ ಮಂತ್ರಾಲಯದ ಕೈಕೆಳಗೆ ಬಂದಾಗ ಎರಡನೇ ಸಲ ರಾಜೀನಾಮೆ ಕೊಟ್ಟರು. ಲಂಡನ್ನಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಗಾಳಿಯ ಸುಳಿಗಳ ಮೇಲೆ ಸಂಶೋಧನೆ ಮುಂದುವರಿಸಿದರು. ಗಾಳಿ ನಯವಾಗಿ ಹರಿಯುತ್ತದೋ ಕದಡುತ್ತದೋ ಎಂದು ತಿಳಿಯಲು ಬಳಸುವ ರಿಚರ್ಡ್‌ಸನ್ ಸಂಖ್ಯೆ ಅವರ ಹೆಸರಿನದೇ. 1926ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಹೊಗೆ ಗಾಳಿಯಲ್ಲಿ ಹೇಗೆ ಹರಡುತ್ತದೆ ಎಂಬ ತಮ್ಮ ಕೆಲಸದಲ್ಲಿ ವಿಷಾನಿಲ ಅಸ್ತ್ರದವರಿಗೆ ಆಸಕ್ತಿ ಇದೆ ಎಂದು ತಿಳಿದಾಗ ಆ ದಾರಿಯನ್ನೇ ಬಿಟ್ಟರು. ಪ್ರಕಟವಾಗದಿದ್ದುದನ್ನು ನಾಶ ಮಾಡಿದರು. ಕಲಿತ ವಿದ್ಯೆಯ ಒಂದು ಭಾಗವನ್ನೇ ಕೈಯಾರೆ ಸುಡುವುದು ಸುಲಭದ ಮಾತಲ್ಲ. ಹೆಂಡತಿ ಡೊರೊಥಿ ಇದೆಲ್ಲದರಲ್ಲೂ ಜೊತೆಗಿದ್ದರು. ಸ್ವಂತ ಮಕ್ಕಳಿಲ್ಲದ ದಂಪತಿ ಮೂವರನ್ನು ದತ್ತು ತೆಗೆದುಕೊಂಡಿದ್ದರು.

1929ರಿಂದ ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರು. 1940ರಲ್ಲಿ ಆ ಕೆಲಸವನ್ನೂ ಬೇಗನೆ ಬಿಟ್ಟರು, ಯುದ್ಧಗಳು ಯಾಕೆ ಆಗುತ್ತವೆ ಎಂದು ಲೆಕ್ಕ ಹಾಕಲು. ಸುಮಾರು 1820ರಿಂದ ಈಚಿನ ಯುದ್ಧ, ದಂಗೆ, ಕೊಲೆಗಳನ್ನೆಲ್ಲ ಸತ್ತವರ ಸಂಖ್ಯೆಯ ಮೇಲೆ ವಿಂಗಡಿಸಿದರು. ಗಡಿ ಹಂಚಿಕೊಂಡ ನೆರೆಯವರು ಹೆಚ್ಚಾದಷ್ಟೂ ಜಗಳ ಹೆಚ್ಚೇ ಎಂಬುದು ಅವರ ಒಂದು ಪ್ರಶ್ನೆ. ಅದಕ್ಕಾಗಿ ಗಡಿಗಳ ಉದ್ದ ಹುಡುಕಿದಾಗ ತಮಾಷೆ ಕಂಡಿತು. ಸ್ಪೇನ್–ಪೋರ್ಚುಗಲ್ ಗಡಿ ಒಂದು ಕಡೆ 987 ಕಿ.ಮೀ., ಇನ್ನೊಂದು ಕಡೆ 1214 ಕಿ.ಮೀ. ಯಾರೂ ಸುಳ್ಳು ಹೇಳಿರಲಿಲ್ಲ. ಅಳತೆಗೋಲು ಚಿಕ್ಕದಾದಷ್ಟೂ ಹೊಳೆಯ ತಿರುವು, ಗುಡ್ಡದ ಬಳುಕು ಎಲ್ಲ ಲೆಕ್ಕಕ್ಕೆ ಸೇರಿ ಗಡಿ ಬೆಳೆಯುತ್ತ ಹೋಗುತ್ತದೆ. ಗಡಿಯಲ್ಲೇ ಬಾಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಬರಹ ಅವರು ತೀರಿಕೊಂಡ ಮೇಲೆ 1961ರಲ್ಲಿ ಪ್ರಕಟವಾಯಿತು. 1967ರಲ್ಲಿ ಮ್ಯಾಂಡೆಲ್‌ಬ್ರಾಟ್ ಇದನ್ನೇ ಹಿಡಿದು ಬ್ರಿಟನ್ನಿನ ಕರಾವಳಿಯ ಉದ್ದದ ಮೇಲೆ ಪ್ರಸಿದ್ಧ ಲೇಖನ ಬರೆದರು. ಯುದ್ಧದ ಬಗೆಗಿನ ಅವರ ಎರಡು ದೊಡ್ಡ ಗ್ರಂಥಗಳು ಪುಸ್ತಕರೂಪ ಕಂಡದ್ದೂ ಮರಣಾನಂತರ, 1960ರಲ್ಲಿ.

ಹವಾಮಾನದ ಲೆಕ್ಕ ಸರಿ ಬಂದ ಸುದ್ದಿ ಮಾತ್ರ ಬದುಕಿರುವಾಗಲೇ ಅವರಿಗೆ ತಲುಪಿತು. 1950ರಲ್ಲಿ ಅಮೆರಿಕದ ಜೂಲ್ ಚಾರ್ನಿ, ಫಾನ್ ನಾಯ್ಮನ್ ಮತ್ತು ಸಂಗಡಿಗರು ಎನಿಯಾಕ್ ಎಂಬ ಆರಂಭದ ಕಂಪ್ಯೂಟರಿನಲ್ಲಿ ತುಳುಕಾಟಕ್ಕೆ ಎಡೆಯೇ ಇಲ್ಲದಂತೆ ಸರಳಗೊಳಿಸಿದ ಸಮೀಕರಣ ಹಾಕಿ 24 ಗಂಟೆಯ ಮುನ್ಸೂಚನೆ ತೆಗೆದರು. ಅದಕ್ಕೆ ಹಿಡಿದದ್ದೂ ಸುಮಾರು 24 ಗಂಟೆಯೇ. ಚಾರ್ನಿ ಆ ಫಲಿತಾಂಶವನ್ನು ಮುದುಕರಿಗೆ ಕಳಿಸಿಕೊಟ್ಟರು. ರಿಚರ್ಡ್‌ಸನ್ ನಕ್ಷೆಗಳನ್ನು ಹೆಂಡತಿಯ ಮುಂದಿಟ್ಟು, ಇವತ್ತಿನಂತೆಯೇ ನಾಳೆಯೂ ಇರುತ್ತದೆ ಎಂದು ಸುಮ್ಮನೆ ಹೇಳುವುದಕ್ಕಿಂತ ಈ ಲೆಕ್ಕ ನಿಜದ ಹತ್ತಿರವಿದೆಯೇ ಎಂದು ಕೇಳಿದರು. ಡೊರೊಥಿಯವರ ತೀರ್ಪು ಲೆಕ್ಕದ ಕಡೆಗೆ ಸ್ವಲ್ಪ ವಾಲಿತು. ಅಭಿನಂದನೆಯ ಕಾಗದ ಅಮೆರಿಕಕ್ಕೆ ಹೋಯಿತು.

1953ರ ಸೆಪ್ಟೆಂಬರ್ 30ರಂದು, 72ನೇ ಹುಟ್ಟುಹಬ್ಬಕ್ಕೆ ಕೆಲವೇ ದಿನ ಇರುವಾಗ, ಸ್ಕಾಟ್ಲೆಂಡಿನ ಕಿಲ್ಮನ್ ಎಂಬ ಹಳ್ಳಿಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಮರುವರ್ಷ ಸ್ವೀಡನ್, 1955ರಲ್ಲಿ ಅಮೆರಿಕ ಕಂಪ್ಯೂಟರ್ ಮುನ್ಸೂಚನೆಯನ್ನು ನಿತ್ಯದ ಕೆಲಸಕ್ಕೆ ತಂದವು. ರಿಚರ್ಡ್‌ಸನ್ ಎರಡು ಸಲ ಬಿಟ್ಟುಬಂದ ಬ್ರಿಟಿಷ್ ಹವಾಮಾನ ಇಲಾಖೆ ಅದನ್ನು ದಿನನಿತ್ಯ ಕೊಡಲು ಶುರುಮಾಡಿದ್ದು 1965ರ ನವೆಂಬರ್ 2ರಿಂದ.