ಹೊಲಿಗೆ ಯಂತ್ರದ ಮರೆತುಹೋದ ಒಡೆಯ

ನನ್ನ ತಲೆಮಾರಿನ ಮಧ್ಯಮ ವರ್ಗದ ಮನೆಗಳಲ್ಲಿ ಹೊಲಿಗೆ ಯಂತ್ರವೆಂದರೆ ಸಿಂಗರ್. ನನ್ನ ತಾಯಿಯವರ ಯಂತ್ರದ ಮೇಲೂ ಹೊಂಬಣ್ಣದಲ್ಲಿ ಅದೇ ಹೆಸರಿತ್ತು. ಆ ಹೆಸರಿನಾತ ನ್ಯಾಯಾಲಯದಲ್ಲಿ ಸೋತವನೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ. ಗೆದ್ದವನು ಎಲಿಯಾಸ್ ಹೌ.

1819ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸ್ಪೆನ್ಸರ್‌ನಲ್ಲಿ ಹುಟ್ಟಿದ ಹೌ, ಯಂತ್ರಗಾರರ ಕೈಕೆಳಗೆ ದುಡಿದು ಕಸುಬು ಕಲಿತ. ಸೂಜಿಯ ತುದಿಯಲ್ಲೇ ಕಣ್ಣಿರಿಸಿ, ಬಟ್ಟೆಯ ಅಡಿಯಿಂದ ಲಾಳಿಯೊಂದು ಎರಡನೆಯ ದಾರವನ್ನು ಹಾಯಿಸಿ ಹೊಲಿಗೆ ಬಿಗಿಯುವ ಯಂತ್ರಕ್ಕೆ 1846ರಲ್ಲಿ ಪೇಟೆಂಟ್ ಪಡೆದ. ಸ್ವದೇಶದಲ್ಲಿ ಕೊಳ್ಳುವವರಿಲ್ಲದೆ ಇಂಗ್ಲೆಂಡಿಗೆ ಹೋದರೂ ಅದೃಷ್ಟ ಕೈಹಿಡಿಯಲಿಲ್ಲ. ಬರಿಗೈಯಲ್ಲಿ ಮರಳಿದ ಕೆಲಕಾಲದಲ್ಲೇ ಪತ್ನಿ ತೀರಿಕೊಂಡಳು. ಅಷ್ಟರಲ್ಲಿ ಇತರರು ಆತನ ಸೂಜಿ-ಲಾಳಿಯ ತತ್ತ್ವವನ್ನೇ ಬಳಸಿ ಯಂತ್ರಗಳನ್ನು ಮಾರತೊಡಗಿದ್ದರು.

ಅವರ ಪೈಕಿ ಪ್ರಬಲನಾದವನು ಐಸಾಕ್ ಸಿಂಗರ್. 1851ರಲ್ಲಿ ಪೇಟೆಂಟ್ ಪಡೆದ ಆತನ ಯಂತ್ರ ನಿಜಕ್ಕೂ ಹೆಚ್ಚು ಉಪಯುಕ್ತವಾಗಿತ್ತು. ಹೌ ದಾವೆ ಹೂಡಿದಾಗ, ವಾಲ್ಟರ್ ಹಂಟ್ ಎಂಬಾತ 1830ರ ದಶಕದಲ್ಲೇ ಅಂಥ ಯಂತ್ರ ಮಾಡಿದ್ದನೆಂಬ ವಾದ ಮುಂದೆ ಬಂತು. ಆದರೆ ಹಂಟ್ ಆಗ ಪೇಟೆಂಟ್ ಪಡೆದಿರಲಿಲ್ಲ. 1854ರಲ್ಲಿ ತೀರ್ಪು ಹೌ ಪರವಾಯಿತು.

ಆದರೂ ಕಲಹ ನಿಲ್ಲಲಿಲ್ಲ. ಒಬ್ಬನಲ್ಲಿ ಸೂಜಿ, ಮತ್ತೊಬ್ಬನಲ್ಲಿ ಬಟ್ಟೆ ಸರಿಸುವ ವಿಧಾನ; ಒಬ್ಬರ ಹಕ್ಕನ್ನು ಮೀರದೆ ಯಾರೂ ಒಳ್ಳೆಯ ಯಂತ್ರ ತಯಾರಿಸುವಂತಿರಲಿಲ್ಲ. ಕೊನೆಗೆ 1856ರಲ್ಲಿ ಹೌ ಮತ್ತು ಮೂರು ಕಂಪನಿಗಳು ತಮ್ಮ ಪೇಟೆಂಟ್‌ಗಳನ್ನು ಒಂದೆಡೆ ಸೇರಿಸಿದರು. ಅಮೆರಿಕದಲ್ಲಿ ಮಾರಾಟವಾದ ಪ್ರತಿ ಯಂತ್ರಕ್ಕೆ ಹೌಗೆ 5 ಡಾಲರ್ ಸಂದಿತು. 1860ರಲ್ಲಿ ಪೇಟೆಂಟ್ ಅವಧಿ ವಿಸ್ತರಣೆಯಾದಾಗ ಅದು 1 ಡಾಲರಿಗೆ ಇಳಿಯಿತು. ಶ್ರೀಮಂತನಾಗಿದ್ದ ಹೌ ಅಂತರ್ಯುದ್ಧದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದ್ದು ಆತನ ವ್ಯಕ್ತಿತ್ವದ ಇನ್ನೊಂದು ಮುಖ. ಪೇಟೆಂಟ್ ಮುಗಿದ 1867ರಲ್ಲೇ ಆತನ ಬದುಕೂ ಮುಗಿಯಿತು.

ಈ ಒಪ್ಪಂದವನ್ನು ಪೂರ್ತಿಯಾಗಿ ಹೊಗಳಲು ನನಗೆ ಮನಸ್ಸಾಗದು. ಅದು ದಾವೆಗಳಿಂದ ಉದ್ಯಮವನ್ನು ಬಿಡಿಸಿತು, ನಿಜ. ಆದರೆ ಹೊರಗಿನ ತಯಾರಕರಿಂದ ವಸೂಲಾದ ಶುಲ್ಕ ಯಂತ್ರದ ಬೆಲೆಗೇ ಸೇರುತ್ತಿತ್ತು. ಕೂಟ 1877ರವರೆಗೆ ಬಾಳಿತು. ಅದನ್ನು ತೆತ್ತವರಲ್ಲಿ ಹೊಲಿಗೆಯಿಂದಲೇ ಅನ್ನ ದುಡಿಯುತ್ತಿದ್ದ ಬಡ ಹೆಂಗಸರೂ ಇದ್ದರು. ಸಂಶೋಧಕನಿಗೆ ನ್ಯಾಯ ದೊರಕಿದ ದಿನವೇ ಬಳಕೆದಾರನಿಗೂ ದೊರಕಿತೆಂದು ಭಾವಿಸಬಾರದು. ಪೇಟೆಂಟ್ ಕಾನೂನನ್ನು ರೂಪಿಸುವವರು ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ಬರೆಯಬೇಕು. 2005ರಲ್ಲಿ ನಮ್ಮ ಪೇಟೆಂಟ್ ಕಾಯಿದೆ ತಿದ್ದುಪಡಿಯಾಗಿ ಔಷಧಗಳಿಗೂ ಉತ್ಪನ್ನ ಪೇಟೆಂಟ್ ಬಂದ ಮೇಲೆ, ಈ ಮಾತು ನಮಗೂ ದೂರದ್ದಲ್ಲ.