ಎಂಜಲಿನ ಲೆಕ್ಕ ಹಿಡಿದ ವಿಜ್ಞಾನಿ: ಜಾರ್ಜ್ ಡಿ ಹೆವೆಶಿ

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿದ್ಯಾರ್ಥಿನಿ. ನಮ್ಮ ಪತ್ರಿಕೆಯಲ್ಲಿ ವಿಜ್ಞಾನಿಗಳ ಜೀವನ ಬರೆಯುವ ಕೆಲಸ ಯಾವಾಗಲೂ ಸೈನ್ಸ್ ವಿಭಾಗದವರದು. ಈ ಸಲ ನಾನು ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ನನ್ನ ದಾದಿ. ಕನ್ನಡ ಪುಸ್ತಕದಲ್ಲಿ ದಾದಿ ಅಂದರೆ ನರ್ಸ್. ನಮ್ಮ ಮನೆಯ ಉರ್ದುವಿನಲ್ಲಿ ಅಬ್ಬಾನ ತಾಯಿ.

ದಾದಿ ಲಕ್ಷ್ಮೇಶ್ವರದಲ್ಲಿ ಚಾಚಾನ ಮನೆಯಲ್ಲಿರುತ್ತಾರೆ. ಮೂರು ವರ್ಷದ ಹಿಂದೆ ಅವರಿಗೆ ಎದೆಯ ಗಡ್ಡೆಯ ಆಪರೇಷನ್ ಆಗಿತ್ತು. ಈ ಮಳೆಗಾಲದಲ್ಲಿ ಬೆನ್ನುನೋವು ಶುರುವಾಯಿತು. ಕಾಯಿಲೆ ಎಲುಬಿಗೆ ಹರಡಿದೆಯೋ ಇಲ್ಲವೋ ನೋಡಲು ಬೋನ್ ಸ್ಕ್ಯಾನ್ ಮಾಡಿಸಬೇಕೆಂದು ಡಾಕ್ಟರ್ ಬರೆದುಕೊಟ್ಟರು. ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕು. ವಿಕಿರಣದ ಇಂಜೆಕ್ಷನ್ ಕೊಡುತ್ತಾರೆ ಎಂದು ಗೊತ್ತಾದ ದಿನದಿಂದ ಮನೆಯಲ್ಲಿ ಗದ್ದಲ ಎದ್ದಿತು. ಶಿರಹಟ್ಟಿಯಿಂದ ಬಂದ ಸಂಬಂಧಿಕರೊಬ್ಬರು ಅದು ಬಾಂಬಿನೊಳಗಿನ ವಿಷವೇ ಎಂದು ಹೇಳಿ ಹೋದರು. ದಾದಿ ತಾನು ಹೋಗುವುದೇ ಇಲ್ಲ ಎಂದು ಕುಳಿತುಬಿಟ್ಟರು. ಕಾಲೇಜು ಓದುವವಳು ನೀನೊಬ್ಬಳೇ, ವಿಚಾರಿಸಿಕೊಂಡು ಬಾ ಎಂದು ಅಬ್ಬಾ ನನಗೆ ಹೇಳಿದರು. ನಾನು ಕಾಮರ್ಸ್ ಎಂದರೂ ಕೇಳಲಿಲ್ಲ.

ಮರುದಿನ ನಮ್ಮ ಕಾಲೇಜಿನ ಫಿಸಿಕ್ಸ್ ಸರ್ ಹತ್ತಿರ ಹೋದೆ. ವಿಕಿರಣದ ಭಯ ಹೋಗಬೇಕಾದರೆ ಮೊದಲು ಹೆವೆಶಿಯ ಕಥೆ ಓದು ಎಂದು ಅವರು ಒಂದು ಪುಸ್ತಕ ಕೊಟ್ಟರು. ಆ ಕಥೆ ಹೀಗಿದೆ.

ಜಾರ್ಜ್ ಡಿ ಹೆವೆಶಿ ಹುಟ್ಟಿದ್ದು 1885ರ ಆಗಸ್ಟ್ 1ರಂದು, ಹಂಗೇರಿಯ ಬುಡಾಪೆಸ್ಟ್ ನಗರದ ಶ್ರೀಮಂತ ಮನೆಯಲ್ಲಿ. ಜರ್ಮನಿಯ ಫ್ರೈಬುರ್ಗ್‌ನಲ್ಲಿ ಓದಿ 1908ರಲ್ಲಿ ಡಾಕ್ಟರೇಟ್ ಪಡೆದರು. 1911ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ ರುದರ್‌ಫರ್ಡ್ ಅವರ ಪ್ರಯೋಗಾಲಯ ಸೇರಿದರು. ಊಟ ಮತ್ತು ವಸತಿ ಒಬ್ಬ ಹೆಂಗಸಿನ ಮನೆಯಲ್ಲಿ. ತಟ್ಟೆಯಲ್ಲಿ ಉಳಿದ ಮಾಂಸವನ್ನೇ ಆಕೆ ಮುಂದಿನ ದಿನಗಳಲ್ಲಿ ಬೇರೆ ಅಡುಗೆ ಮಾಡಿ ಬಡಿಸುತ್ತಾಳೆ ಎಂದು ಹೆವೆಶಿಗೆ ಅನುಮಾನ. ಕೇಳಿದರೆ ಆಕೆ ಒಪ್ಪಲಿಲ್ಲ. ಒಂದು ದಿನ ಅವರು ತಟ್ಟೆಯಲ್ಲಿ ಉಳಿದದ್ದರ ಮೇಲೆ ವಿಕಿರಣಶೀಲ ವಸ್ತುವಿನ ಒಂದಿಷ್ಟು ಕಣ ಉದುರಿಸಿದರು. ಕೆಲವು ದಿನಗಳ ನಂತರ ಬಂದ ಹೊಸ ಅಡುಗೆಯ ಹತ್ತಿರ ಅಳೆಯುವ ಸಾಧನ ಹಿಡಿದರು. ಅದು ವಿಕಿರಣ ತೋರಿಸಿತು. ಎಂಜಲು ಸಿಕ್ಕಿಬಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಆಡಿಟಿಂಗ್. ಗುರುತು ಹಾಕಿದ ನೋಟು ಯಾರ ಗಲ್ಲಾ ಪೆಟ್ಟಿಗೆಗೆ ಹೋಯಿತು ಎಂದು ಹುಡುಕುವ ಹಾಗೆ, ಗುರುತು ಹಾಕಿದ ಕಣ ಎಲ್ಲಿ ಹೋಯಿತು ಎಂದು ಅವರು ಹುಡುಕಿದರು.

ಆದರೆ ಪ್ರಯೋಗಾಲಯದಲ್ಲಿ ಅವರಿಗೆ ಸೋಲು ಕಾದಿತ್ತು. ಸೀಸದ ರಾಶಿಯಲ್ಲಿ ಬೆರೆತಿದ್ದ ರೇಡಿಯಂ-ಡಿ ಎಂಬ ವಸ್ತುವನ್ನು ಬೇರ್ಪಡಿಸಿ ಕೊಡಲು ರುದರ್‌ಫರ್ಡ್ ಹೇಳಿದ್ದರು. ಎಷ್ಟು ತಿಣುಕಿದರೂ ಆಗಲಿಲ್ಲ. ಕಾರಣ, ರೇಡಿಯಂ-ಡಿ ಎಂಬುದು ಸೀಸದ್ದೇ ಇನ್ನೊಂದು ರೂಪ. ರಾಸಾಯನಿಕವಾಗಿ ಎರಡಕ್ಕೂ ವ್ಯತ್ಯಾಸವಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಹೆವೆಶಿ ಸೋಲನ್ನೇ ತಿರುಗಿಸಿ ನೋಡಿದರು. ಬೇರ್ಪಡಿಸಲು ಆಗದಿದ್ದರೆ ಸೀಸ ಹೋದಲ್ಲೆಲ್ಲ ಅದೂ ಹೋಗುತ್ತದೆ. ಹಾಗಾದರೆ ಅದನ್ನೇ ಗುರುತಾಗಿ ಬಳಸಬಹುದಲ್ಲ! 1913ರಲ್ಲಿ ವಿಯೆನ್ನಾದಲ್ಲಿ ಪಾನೆತ್ ಎಂಬ ವಿಜ್ಞಾನಿಯ ಜೊತೆ ಸೇರಿ ಇದನ್ನು ಮಾಡಿ ತೋರಿಸಿದರು.

1923ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಅವರೆಕಾಯಿ ಜಾತಿಯ ಗಿಡದ ಬೇರನ್ನು ಗುರುತು ಹಾಕಿದ ಸೀಸದ ದ್ರಾವಣದಲ್ಲಿಟ್ಟು, ಅದು ಬೇರಿಗೆಷ್ಟು, ಎಲೆಗೆಷ್ಟು ಹೋಯಿತು ಎಂದು ಅಳೆದರು. ಅದೇ ವರ್ಷ ಕೋಸ್ಟರ್ ಅವರ ಜೊತೆ ಹಾಫ್ನಿಯಂ ಎಂಬ ಹೊಸ ಮೂಲಧಾತುವನ್ನೂ ಕಂಡುಹಿಡಿದರು. 1935ರಲ್ಲಿ ನೀಲ್ಸ್ ಬೋರ್ ಅವರ 50ನೆಯ ಹುಟ್ಟುಹಬ್ಬಕ್ಕೆ ಚಂದಾ ಎತ್ತಿ ಸುಮಾರು 600 ಮಿಲಿಗ್ರಾಂ ರೇಡಿಯಂ ಕಾಣಿಕೆ ಕೊಟ್ಟರು. ಅಂಥ ರೇಡಿಯಂ ನೆರವಿನಿಂದ ಹೆವೆಶಿ ವಿಕಿರಣಶೀಲ ರಂಜಕ ತಯಾರಿಸುತ್ತಿದ್ದರು.

ಆ ರಂಜಕವನ್ನು 1935ರಲ್ಲಿ ಅವರು ಮತ್ತು ಡಾಕ್ಟರ್ ಕೀವಿಟ್ಸ್ ಇಲಿಗಳಿಗೆ ತಿನ್ನಿಸಿ ನೋಡಿದಾಗ ದೊಡ್ಡ ವಿಷಯ ಗೊತ್ತಾಯಿತು. ಎಲುಬು ಗೋಡೆಯ ಕಲ್ಲಿನ ಹಾಗೆ ಒಮ್ಮೆ ಕಟ್ಟಿ ಮುಗಿದದ್ದಲ್ಲ. ಅದರಲ್ಲಿ ರಂಜಕ ದಿನವೂ ಬರುತ್ತದೆ, ದಿನವೂ ಹೋಗುತ್ತದೆ. ಎಲುಬಿಗೂ ಜಮಾ ಮತ್ತು ಖರ್ಚು ಇದೆ. ಇದನ್ನು ಓದುವಾಗ ನನಗೆ ದಾದಿಯ ಬೆನ್ನೆಲುಬು ಕಣ್ಣ ಮುಂದೆ ಬಂತು.

1940ರಲ್ಲಿ ಹಿಟ್ಲರನ ಸೈನ್ಯ ಡೆನ್ಮಾರ್ಕಿಗೆ ನುಗ್ಗಿತು. ಲೌವೆ ಮತ್ತು ಫ್ರಾಂಕ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳ ನೊಬೆಲ್ ಚಿನ್ನದ ಪದಕಗಳು ಬೋರ್ ಅವರ ಸಂಸ್ಥೆಯಲ್ಲಿದ್ದವು. ಜರ್ಮನಿಯಿಂದ ಚಿನ್ನ ಹೊರಗೆ ಕಳಿಸುವುದು ಆಗ ದೊಡ್ಡ ಅಪರಾಧ, ಪದಕದ ಮೇಲೆ ಅವರ ಹೆಸರೂ ಇತ್ತು. ಹೆವೆಶಿ ಎರಡನ್ನೂ ಚಿನ್ನ ಕರಗಿಸುವ ಆಮ್ಲದಲ್ಲಿ ಕರಗಿಸಿ ಕಪಾಟಿನಲ್ಲಿ ಇಟ್ಟುಬಿಟ್ಟರು. ಹುಡುಕಲು ಬಂದವರಿಗೆ ಅದು ಬರೀ ಬಣ್ಣದ ನೀರು. ಯುದ್ಧ ಮುಗಿದ ಮೇಲೆ ಅದರಿಂದ ಚಿನ್ನ ತೆಗೆದು ಕಳಿಸಿದರು, ನೊಬೆಲ್ ಸಂಸ್ಥೆ ಹೊಸ ಪದಕ ಮಾಡಿಸಿಕೊಟ್ಟಿತು. ಇಲ್ಲಿಯೂ ಹೆವೆಶಿಯ ಲೆಕ್ಕ ಅದೇ. ಕಣ್ಣಿಗೆ ಕಾಣದಿದ್ದರೂ ವಸ್ತು ಎಲ್ಲಿಗೂ ಹೋಗಿಲ್ಲ.

1943ರಲ್ಲಿ ಅವರು ಸ್ವೀಡನ್ನಿಗೆ ತಪ್ಪಿಸಿಕೊಂಡು ಹೋದರು. ಆ ವರ್ಷದ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. 1966ರ ಜುಲೈ 5ರಂದು ಫ್ರೈಬುರ್ಗ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 80 ವರ್ಷ. ನ್ಯೂಕ್ಲಿಯರ್ ಮೆಡಿಸಿನ್‌ನ ಪಿತಾಮಹ ಎಂದು ಈಗ ಅವರನ್ನು ಕರೆಯುತ್ತಾರೆ.

ಇಷ್ಟನ್ನೂ ನಾನು ದಾದಿಗೆ ಉರ್ದುವಿನಲ್ಲಿ ಹೇಳಿದೆ. ಎಂಜಲಿನ ಕಥೆಗೆ ಅವರು ಬಹಳ ನಕ್ಕರು. ಆ ಮೇಲೆ ಒಂದೇ ಪ್ರಶ್ನೆ ಕೇಳಿದರು. ತನಗೆ ಎಷ್ಟು ಹಾಕುತ್ತಾರೆ?

ಅದೇ ಸರಿಯಾದ ಪ್ರಶ್ನೆ ಎಂದು ಸರ್ ಹೇಳಿದರು. ಬೋನ್ ಸ್ಕ್ಯಾನಿಗೆ ಬಳಸುವುದು ಟೆಕ್ನೀಷಿಯಂ-99ಎಂ. ಅದನ್ನು ಎಲುಬಿಗೆ ಅಂಟುವ ರಂಜಕದ ಸಂಯುಕ್ತಕ್ಕೆ ಜೋಡಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಎಲುಬಿನಲ್ಲಿ ಎಲ್ಲಿ ಜಮಾ ಖರ್ಚು ಜೋರಾಗಿದೆಯೋ ಅಲ್ಲಿ ಅದು ಹೆಚ್ಚು ಸೇರುತ್ತದೆ, ಗಾಮಾ ಕ್ಯಾಮೆರಾಕ್ಕೆ ಕಾಣುತ್ತದೆ. ಅದರ ಪ್ರಮಾಣ ಅಳೆಯುವುದು ಮಿಲಿಕ್ಯೂರಿ ಅಥವಾ ಮೆಗಾಬೆಕೆರೆಲ್‌ನಲ್ಲಿ. 1 ಮಿಲಿಕ್ಯೂರಿ ಎಂದರೆ 37 ಮೆಗಾಬೆಕೆರೆಲ್.

ದಾದಿಗೆ ಕೊಟ್ಟದ್ದು 20 ಮಿಲಿಕ್ಯೂರಿ, ಅಂದರೆ 740 ಮೆಗಾಬೆಕೆರೆಲ್. ಇದರಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 4 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಜಗತ್ತಿನ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತದೆ. ಹಾಗಾದರೆ ಒಂದು ಸ್ಕ್ಯಾನ್ ಎಂದರೆ ಸುಮಾರು ಇಪ್ಪತ್ತು ತಿಂಗಳು ಭೂಮಿಯ ಮೇಲೆ ಬದುಕಿದ ಲೆಕ್ಕ. ಅದು ಸೊನ್ನೆಯೂ ಅಲ್ಲ, ಬಾಂಬೂ ಅಲ್ಲ.

ಆದರೆ ಮುಂಡರಗಿಯ ಫುಫಿಗೆ ಹಿಂದೆ ಇದೇ ಸ್ಕ್ಯಾನಿಗೆ ಕೊಟ್ಟದ್ದು 15 ಮಿಲಿಕ್ಯೂರಿ. ದಾದಿಗೆ ಯಾಕೆ 20? ಆಸ್ಪತ್ರೆಯಲ್ಲಿ ಕೇಳಿದಾಗ ಅವಸರದಲ್ಲಿ ಯಾರೂ ಸರಿಯಾಗಿ ಹೇಳಲಿಲ್ಲ. ಸರ್ ಹೇಳಿದರು. ರೋಗಿಗಳಿಗೆ ಇಷ್ಟೇ ಎಂಬ ಗಡಿ ಇಲ್ಲ, ಯಾಕೆಂದರೆ ಅವರಿಗೆ ಅದರಿಂದ ಪ್ರಯೋಜನವಿದೆ. ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಗಡಿ ಇದೆ, ಅದು ಬೇರೆ. ನಮ್ಮ ದೇಶದಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ. ರೋಗಿಗಳಿಗೆ ಇರುವುದು ಉಲ್ಲೇಖ ಮಟ್ಟ. ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1996ರಲ್ಲಿ ಈ ಹೆಸರು ತಂದಿತು. ಅನೇಕ ಆಸ್ಪತ್ರೆಗಳು ವಯಸ್ಕ ರೋಗಿಗೆ ಸಾಮಾನ್ಯವಾಗಿ ಎಷ್ಟು ಕೊಡುತ್ತವೆ ಎಂದು ಕೇಳಿ, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ನೂರರಲ್ಲಿ 75ನೆಯ ಜಾಗದಲ್ಲಿ ಗೆರೆ ಎಳೆಯುತ್ತಾರೆ. ಕಾಮರ್ಸ್ ಗೆಳತಿಯರೇ, ಇದು ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಾಠದ ಮೂರನೆಯ ಚತುರ್ಥಕವೇ!

ಯಾವುದೇ ಆಸ್ಪತ್ರೆಯ ರೂಢಿ ಆ ಗೆರೆ ದಾಟಿದರೆ ಕಾರಣ ಹುಡುಕಬೇಕು. ಕ್ಯಾಮೆರಾ ಹಳೆಯದೋ, ರೋಗಿಗಳ ತೂಕ ಹೆಚ್ಚೋ, ಬರೀ ಅಭ್ಯಾಸವೋ? ತೀರ ಕಡಿಮೆ ಕೊಟ್ಟರೂ ನಷ್ಟ. ಚಿತ್ರ ಮಸುಕಾದರೆ ಮತ್ತೆ ಸ್ಕ್ಯಾನ್ ಮಾಡಬೇಕು. ಬೋನ್ ಸ್ಕ್ಯಾನಿಗೆ ಬ್ರಿಟನ್ನಿನ ಗೆರೆ 600 ಮೆಗಾಬೆಕೆರೆಲ್. ಅಮೆರಿಕದ ನ್ಯೂಕ್ಲಿಯರ್ ಮೆಡಿಸಿನ್ ಸಂಘದ ಮಾರ್ಗಸೂಚಿಯಲ್ಲಿ 740ರಿಂದ 1110. ದಾದಿಯ 740 ಬ್ರಿಟನ್ನಿನ ಗೆರೆಗಿಂತ ಹೆಚ್ಚು, ಅಮೆರಿಕದ ಮಾರ್ಗಸೂಚಿಯ ಕೆಳ ತುದಿಯಲ್ಲಿ ನಿಂತಿದೆ. ದಾದಿ ಫುಫಿಗಿಂತ ದಪ್ಪ ಎಂಬುದೂ ನಿಜ. ನನಗೆ ಸಮಾಧಾನವಾಯಿತು, ಆದರೆ ಕೇಳಿದ್ದು ತಪ್ಪಲ್ಲ ಎಂದೂ ಅನಿಸಿತು.

ಸ್ಕ್ಯಾನ್ ದಿನ ಬೆಳಿಗ್ಗೆ 10 ಗಂಟೆಗೆ ಇಂಜೆಕ್ಷನ್. ಮೂರು ತಾಸು ನೀರು ಕುಡಿಯುತ್ತಾ ಕುಳಿತು, ಆ ಮೇಲೆ ಕ್ಯಾಮೆರಾದ ಕೆಳಗೆ ಮಲಗಿದರು. ಆ ದಿನ ಸಣ್ಣ ಮಕ್ಕಳನ್ನು ಎತ್ತಿಕೊಳ್ಳಬೇಡಿ ಎಂದು ಹೇಳಿ ಕಳಿಸಿದರು. ರಾತ್ರಿ ಗದಗಿನ ನಮ್ಮ ಮನೆಯಲ್ಲಿ ಆಪಾಳ ಎಂಟು ತಿಂಗಳ ಮಗು ದಾದಿಯನ್ನು ನೋಡಿ ಕೈ ಚಾಚಿ ಅಳುತ್ತಿತ್ತು. ದಾದಿ ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತರು. ಇನ್ನು ಮುಂದೆ ಯಾವತ್ತೂ ಮಗುವನ್ನು ಮುಟ್ಟಬಾರದೇನೋ ಎಂದು ಅವರಿಗೆ ಹೆದರಿಕೆ.

ನಾನು ಅಕೌಂಟೆನ್ಸಿ ನೋಟ್‌ಬುಕ್ ತೆಗೆದುಕೊಂಡು ಪಕ್ಕದಲ್ಲಿ ಕುಳಿತೆ. ಸವಕಳಿಯ ಪಾಠದಲ್ಲಿ ಉಳಿದ ಬೆಲೆಯ ಮೇಲೆ ಪ್ರತಿವರ್ಷ ಇಷ್ಟು ಶೇಕಡಾ ಎಂದು ಕಳೆಯುತ್ತಾ ಹೋಗುತ್ತೇವಲ್ಲ, ಟೆಕ್ನೀಷಿಯಂ ಕೂಡ ಹಾಗೆಯೇ. ಪ್ರತಿ ಆರು ತಾಸಿಗೆ ಅರ್ಧ ಕಳೆಯುತ್ತದೆ. ಬೆಳಿಗ್ಗೆ 10ಕ್ಕೆ 20. ಸಂಜೆ 4ಕ್ಕೆ 10. ರಾತ್ರಿ 10ಕ್ಕೆ 5. ಬೆಳಗಿನ ಜಾವ 4ಕ್ಕೆ ಎರಡೂವರೆ. ಮರುದಿನ 10ಕ್ಕೆ ಒಂದೂಕಾಲು. ಮೂತ್ರದಲ್ಲಿ ಹೋಗುವುದನ್ನು ಸೇರಿಸಿದರೆ ಇನ್ನೂ ಕಡಿಮೆ. ದಾದಿಗೆ ಓದು ಬರುವುದಿಲ್ಲ, ಆದರೆ ಲೆಕ್ಕ ಬರುತ್ತದೆ. ಬೆರಳು ಮಡಚಿ ಎಣಿಸಿದರು. ಮರುದಿನ 10 ಗಂಟೆ ಆದ ಮೇಲೆಯೇ ಹೊರಗೆ ಬಂದು ಮಗುವನ್ನು ಎತ್ತಿಕೊಂಡರು.

ರಿಪೋರ್ಟಿನಲ್ಲಿ ಬೆನ್ನೆಲುಬಿನ ಒಂದು ಕಡೆ ಗುರುತು ಬಂದಿತ್ತು. ಇನ್ನೊಂದು ಪರೀಕ್ಷೆಯಲ್ಲಿ ಅದು ಕಾಯಿಲೆಯೇ ಎಂದು ಖಚಿತವಾಯಿತು. ಅಬ್ಬಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಒಂದೇ ಕಡೆ ಇರುವಾಗ ತಿಳಿದದ್ದು ಒಳ್ಳೆಯದಾಯಿತು ಎಂದು ಡಾಕ್ಟರ್ ಹೇಳಿದರು. ಔಷಧ ಬದಲಾಯಿಸಿದ್ದಾರೆ. ಬೆನ್ನುನೋವು ಕಡಿಮೆಯಾಗಿದೆ, ದಾದಿ ಮತ್ತೆ ಲಕ್ಷ್ಮೇಶ್ವರಕ್ಕೆ ಹೋಗಿದ್ದಾರೆ. ಹೆದರಿ ಮನೆಯಲ್ಲೇ ಕುಳಿತಿದ್ದರೆ ಆ ಗುರುತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನಿಮ್ಮ ಮನೆಯಲ್ಲಿಯೂ ಯಾರಿಗಾದರೂ ಇಂಥ ಸ್ಕ್ಯಾನ್ ಹೇಳಿದರೆ ಹೆದರಿ ನಿಲ್ಲಿಸಬೇಡಿ. ಎಷ್ಟು ಕೊಡುತ್ತೀರಿ, ಯಾಕೆ ಅಷ್ಟು ಎಂದು ವಿನಯದಿಂದ ಕೇಳಿ, ರಿಪೋರ್ಟಿನ ಜೊತೆ ಬರೆದಿಟ್ಟುಕೊಳ್ಳಿ. ಹೋದ ಭಾನುವಾರ ದಾದಿ ಫೋನ್ ಮಾಡಿದ್ದರು. ಚಾಚಿ ಮಾಡಿದ ಪಲಾವು ನಿನ್ನೆಯದೇ ಇರಬೇಕು, ಆ ಹಂಗೇರಿಯವನನ್ನು ಕರೆದುಕೊಂಡು ಬಾ ಎಂದರು.