ಈಸ್ಟ್‌ಮನ್ ಕಲಿತ ದಾಸ್ತಾನಿನ ಪಾಠ

ಜಾರ್ಜ್ ಈಸ್ಟ್‌ಮನ್ ಎಂದೊಡನೆ ಎಲ್ಲರಿಗೂ ಕೊಡಾಕ್ ಕ್ಯಾಮೆರಾ ನೆನಪಾಗುತ್ತದೆ. ನನಗೆ ನೆನಪಾಗುವುದು ಆತನ ಕೆಟ್ಟುಹೋದ ಗಾಜಿನ ಫಲಕಗಳು.

1854ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಈತ ರಾಚೆಸ್ಟರ್‌ನಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದುಕೊಂಡೇ ಛಾಯಾಗ್ರಹಣದ ಒಣ ಫಲಕಗಳ ತಯಾರಿಕೆಗೆ ಇಳಿದ. ಚಳಿಗಾಲದಲ್ಲಿ ಚಿತ್ರ ತೆಗೆಯುವವರು ವಿರಳ. ಆದರೆ ಉತ್ಪಾದನೆ ನಿಲ್ಲಲಿಲ್ಲ. ಮಾರಾಟಗಾರರ ಕಪಾಟಿನಲ್ಲಿ ಕೊಳೆತ ಸರಕು ಬೆಳಕನ್ನು ಗ್ರಹಿಸುವ ಗುಣವನ್ನೇ ಕಳೆದುಕೊಂಡಿತು. ಎಳೆಯ ಉದ್ಯಮಕ್ಕೆ ಇದು ಮಾರಕ ಪೆಟ್ಟಾಗಬಹುದಿತ್ತು. ಆದರೂ ಆತ ಫಲಕಗಳನ್ನು ಹಿಂಪಡೆದು ಹೊಸವನ್ನು ಕೊಟ್ಟ.

ಆತನ ಮುಂದಿನ ನಡೆಗಳಲ್ಲೆಲ್ಲ ಈ ಪೆಟ್ಟಿನ ಗುರುತು ನನಗೆ ಕಾಣುತ್ತದೆ. 1888ರ ಕೊಡಾಕ್‌ನ ಬೆಲೆ 25 ಡಾಲರ್. ಅದು ಉಳ್ಳವರ ಆಟಿಕೆ. 1900ರಲ್ಲಿ ಫ್ರ್ಯಾಂಕ್ ಬ್ರೌನೆಲ್ ರೂಪಿಸಿದ ರಟ್ಟಿನ ಪೆಟ್ಟಿಗೆ 'ಬ್ರೌನಿ' ಒಂದೇ ಡಾಲರಿಗೆ ಬಂತು. ಮೊದಲ ವರ್ಷವೇ ಸುಮಾರು ಒಂದೂವರೆ ಲಕ್ಷ ಖರ್ಚಾದವು. ಕ್ಯಾಮೆರಾವನ್ನು ಜನ ಒಮ್ಮೆ ಕೊಳ್ಳುತ್ತಾರೆ, 15 ಸೆಂಟಿನ ಫಿಲ್ಮನ್ನು ಮತ್ತೆ ಮತ್ತೆ. ಕಾರ್ಖಾನೆಯ ಚಕ್ರವನ್ನು ವರ್ಷವಿಡೀ ತಿರುಗಿಸಿದ್ದು ಆ ಸುರುಳಿಯೇ. ಮರುವರ್ಷ ಎರಡನೆಯ ಬ್ರೌನಿ ಬಂದಾಗಲೂ ಮೊದಲನೆಯದನ್ನು ಕೈಬಿಡಲಿಲ್ಲ. ಆ ಎರಡನೆಯದಕ್ಕಾಗಿ ಹುಟ್ಟಿದ 120 ಅಳತೆಯ ಫಿಲ್ಮು ಇಂದಿಗೂ ತಯಾರಾಗುತ್ತಿದೆ.

1930ರಲ್ಲಿ, ಆರ್ಥಿಕ ಕುಸಿತದ ನಡುವೆ, ಸಂಸ್ಥೆಯ ಸುವರ್ಣೋತ್ಸವಕ್ಕೆಂದು ಆ ವರ್ಷ 12 ತುಂಬುವ ಮಕ್ಕಳಿಗೆ ಸುಮಾರು 5 ಲಕ್ಷ ಕ್ಯಾಮೆರಾಗಳನ್ನು ಉಚಿತವಾಗಿ ಹಂಚಲಾಯಿತು, ಜೊತೆಗೊಂದು ಫಿಲ್ಮ್ ಸುರುಳಿ. ದಾನವೋ, ವ್ಯಾಪಾರವೋ? ಎರಡೂ ಹೌದೆಂದು ನನ್ನ ಅನಿಸಿಕೆ. ಎರಡನೆಯ ಸುರುಳಿಗೆ ಮಕ್ಕಳು ಅಂಗಡಿಗೇ ಹೋಗಬೇಕಿತ್ತು.